ಸೈನೈಡ್ ಗುಡ್ಡದ ಮೇಲೆ ಕ್ಯಾಮೆರಾ

‘ಕೆಜಿಎಫ್: ಚಾಪ್ಟರ್ 1’ ತೆರೆಕಂಡ 2018ರಿಂದೀಚೆಗೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಸೈನೈಡ್ ಗುಡ್ಡಗಳಿಗೆ ಸ್ಟಾರ್ ಪಟ್ಟ ಸಿಕ್ಕಿದೆ. ಅವು ಗುಡ್ಡಗಳೇ ಅಲ್ಲ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಹಿಂಡಿಕೊಂಡ ಮೇಲೆ ಉಳಿದದ್ದನ್ನು ವರ್ಷಗಟ್ಟಲೆ ಸುರಿದ ರಾಶಿ. ಮಳೆನೀರು ಕೊರೆದ ಕೊರಕಲುಗಳು ನೆತ್ತಿಯಿಂದ ಬುಡದವರೆಗೆ ಇಳಿದಿವೆ, ಹುಲ್ಲು ಕೂಡ ಸರಿಯಾಗಿ ಬೇರೂರುವುದಿಲ್ಲ. ಗಾಳಿಯೆದ್ದರೆ ಆ ಪುಡಿ ನೇರ ಊರೊಳಗೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಪಾತ್ರೆಯೊಳಗೆ.

ಚಿತ್ರದ ನಿರ್ದೇಶಕ ಪ್ರಶಾಂತ್ ನೀಲ್ ಈ ಜಾಗವನ್ನು ಆರಿಸಿಕೊಂಡದ್ದರಲ್ಲಿ ಕಣ್ಣಿನ ಚುರುಕಿದೆ, ಒಪ್ಪೋಣ. ಬೋಳು ದಿಬ್ಬದೆದುರು ಮನುಷ್ಯ ಇರುವೆಯಷ್ಟಾಗುತ್ತಾನೆ; ಕಥೆಗೆ ಬೇಕಾದ ದಬ್ಬಾಳಿಕೆ ಅರ್ಧದಷ್ಟು ಅಲ್ಲೇ ಬಂದುಬಿಡುತ್ತದೆ. ಆದರೆ ಸಿನಿಮಾ ನೆಲದ ರೂಪವನ್ನು ತೆಗೆದುಕೊಂಡು ನೆನಪನ್ನು ಅಲ್ಲೇ ಬಿಟ್ಟಿತು. ಚಿತ್ರದೊಳಗಿನ ನರಾಚಿ ಗಣಿಯ ಗುಲಾಮರು ಉದ್ಧಾರಕನ ದಾರಿ ಕಾಯುತ್ತಾರೆ. ನಿಜವಾದ ಗಣಿಯ ಕಾರ್ಮಿಕರು ಚಿತ್ರದ ನಾಯಕನಂಥ ಯಾವ ರಾಕಿ ಭಾಯಿಗೂ ಕಾಯಲಿಲ್ಲ. ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಆರ್ಕಾಟ್ ಕಡೆಯಿಂದ ಬಂದವರು, ಬಹುಪಾಲು ದಲಿತರು, 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡುವ ನೋಂದಣಿ ಒಲ್ಲೆವೆಂದು ಮುಷ್ಕರ ಹೂಡಿದರು. ಪಾ. ರಂಜಿತ್ ಅವರ ‘ತಂಗಲಾನ್’ (2024) ಮಾಯಾಲೋಕದ ಗೋಜಲಿನಲ್ಲಿ ಅಲ್ಲಲ್ಲಿ ಎಡವಿದರೂ, ಈ ಚಿನ್ನ ಅಗೆದವರು ಯಾರು, ಉಂಡವರು ಯಾರು ಎಂದಾದರೂ ಕೇಳುತ್ತದೆ.

ಫೋಟೊ ತೆಗೆಯುವವರ ಕಥೆಯೂ ಹೆಚ್ಚು ಬೇರೆಯಲ್ಲ. ತುಕ್ಕು ಹಿಡಿದ ಶಾಫ್ಟ್ ಗೋಪುರ, ಸೂರು ಕುಸಿದ ದೊರೆಗಳ ಬಂಗಲೆ, ಗೋಡೆ ಸೀಳಿದ ಅರಳಿಗಿಡ. ಚಿತ್ರಗಳು ಚೆನ್ನಾಗಿವೆ, ಒಂದರಲ್ಲೂ ಮನುಷ್ಯರಿಲ್ಲ. ಪಾಳು ಚೆಲುವಾಗಿ ಕಾಣಬೇಕಾದರೆ ಅಲ್ಲಿ ಯಾರೂ ಇರಬಾರದು ಎಂಬುದು ನಮ್ಮ ಹಳೆಯ ರುಚಿ. ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು 2011ರಲ್ಲಿ ಎಬ್ಬಿಸಿದ್ದು ಕಾನೂನಿನ ಹೆಸರಿನಲ್ಲಾದರೂ, ಪ್ರವಾಸಿಯ ಕಣ್ಣಿಗೆ ಹಿತವಾಗುವ ಖಾಲಿತನ ಸಿಕ್ಕಿದ್ದು ಹಾಗೆಯೇ. ಕೆಜಿಎಫ್‌ನಲ್ಲಿ ಎಬ್ಬಿಸುವ ತೊಂದರೆಯೂ ಬೇಡ. ಕ್ಯಾಮೆರಾವನ್ನು ಸ್ವಲ್ಪ ಆಚೆ ತಿರುಗಿಸಿದರಾಯಿತು.

ಆ ಬದಿಯಲ್ಲಿರುವುದು ಗಣಿ ಕಾರ್ಮಿಕರ ಲೈನ್ ಮನೆಗಳು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು, ಜನ ಮಾತ್ರ ಹೋಗಲಿಲ್ಲ. ಬೆಳಗಿನ ಜಾವ ಇಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಗಣಿಯವರ ಮಕ್ಕಳು ದುಡಿಮೆಗೆ ಹೋಗಿ ರಾತ್ರಿ ಮರಳುತ್ತಾರೆ. ಬಾಕಿ ಹಣ, ಮನೆಯ ಹಕ್ಕುಪತ್ರದ ಕೇಳಿಕೆಗಳು ಇನ್ನೂ ಜೀವಂತವಾಗಿವೆ. ಇದನ್ನು ಪಾಳೂರು ಎಂದು ಕರೆದರೆ ಕೊಡಬೇಕಾದವರಿಗೆ ಬಲು ಅನುಕೂಲ. ಇಲ್ಲದವರಿಗೆ ಯಾರೂ ಏನೂ ಕೊಡಬೇಕಿಲ್ಲವಲ್ಲ!

ಸರ್ಕಾರಕ್ಕೆ ಈ ಗಣಿಗಳು ಹಿಂದೆಯೂ ಮುಖ್ಯವಾಗಿದ್ದವು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಇಲ್ಲಿಗೆ. ಈಗ ಸರ್ಕಾರದ ಕಣ್ಣು ಮತ್ತೆ ಇಲ್ಲಿ ಬಿದ್ದಿದೆ. 13 ದಿಬ್ಬಗಳ ಸುಮಾರು 3.3 ಕೋಟಿ ಟನ್ ಕಸದಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ 2024ರಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬ ಕರಗಿದರೆ ಸಿನಿಮಾದವರಿಗೆ ಬೇರೆ ಲೊಕೇಷನ್ ಸಿಗುತ್ತದೆ. ಅದರ ಧೂಳು ಕುಡಿದವರ ಮನೆಯವರಿಗೆ ಆ ಕೆಲಸದಲ್ಲಿ ಪಾಲುಂಟೋ ಇಲ್ಲವೋ ಎಂಬುದನ್ನು ಯೋಜನೆಯ ಷರತ್ತುಗಳಲ್ಲಿ ಹುಡುಕಬೇಕು.