ನಂಬಿಕೆಯ ಬೆನ್ನಿಗಿರುವ ನಂಬಿಗಸ್ತ: ಮಿರಜದಿಂದ ಒಂದು ಓದು

ನಾನು ಮಾತಾಡ್ತಿರೋದು ಮಿರಜದಿಂದ, ಡಾ. ವಾನ್ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ತೆರೆದ ಊರು. ಸಾಂಗ್ಲಿ-ಮಿರಜದಲ್ಲಿ ಒಂದೇ ಮನೆಯೊಳಗೆ ಮರಾಠಿಯ ‘ವಿಶ್ವಾಸ’, ಕನ್ನಡದ ‘ನಂಬಿಕೆ’ ಎರಡೂ ಇರುವುದುಂಟು.

ನಂಬಿಕೆಯಿಂದ ನೀತಿವಂತ ಎಂಬ ಬೋಧನೆಗೆ ಪೌಲ ಆಧಾರ ಮಾಡಿಕೊಂಡದ್ದು ಹಬಕ್ಕೂಕ 2:4. ಅಲ್ಲಿನ ಹೀಬ್ರೂ ಪದ ‘ಎಮುನಾ’. ಇದೇ ಪದ ವಿಮೋಚನಕಾಂಡ 17:12ರಲ್ಲಿ ಸಂಜೆವರೆಗೂ ಇಳಿಯದ ಮೋಶೆಯ ಕೈಗಳಿಗಿದೆ. ಅಲುಗದೆ ನಿಲ್ಲೋದು ಅಂತ ಅರ್ಥ. ಆ ಕೈಗಳಿಗೆ ಆರೋನ, ಹೂರ ಆಸರೆಯಾಗಿದ್ದರು, ಮರೀಬಾರದು. ಹೀಬ್ರೂವಿನ ‘ತನ್ನ’ ಗ್ರೀಕ್ ಅನುವಾದದಲ್ಲಿ ‘ನನ್ನ’ ಆಯಿತು. ದೇವರ ನಿಷ್ಠೆ ಅಂತಲೂ ಓದಬಹುದು. ಪೌಲ ರೋಮಾ 1:17ರಲ್ಲಿ ಎರಡನ್ನೂ ಬಿಟ್ಟ. ಯಾರ ನಿಷ್ಠೆ? ನಮ್ಮ ಪ್ರಸಂಗಗಳು ಬಹುಪಾಲು ಕೇಳುಗರ ಮನಸ್ಸಿನೊಳಗೇ ಉತ್ತರ ಹುಡುಕಿದವು.

ಅನುವಾದಕರು ಕೆಡಿಸಿದರು ಅನ್ನೋದನ್ನು ನಾನು ಪೂರ್ತಿ ಒಪ್ಪೋದಿಲ್ಲ. ‘ನಂಬಿಕೆ’ಯ ಬೆನ್ನಿಗೇ ‘ನಂಬಿಗಸ್ತ’ ಇದೆ, ಮರಾಠಿಯಲ್ಲಿ ‘ವಿಶ್ವಾಸೂ’: ಕೊಟ್ಟ ಮಾತಿಗೆ ತಪ್ಪದವನು. ಪದ ಉಳಿಸಿಕೊಂಡದ್ದನ್ನು ಬೋಧನೆ ಕೈಬಿಟ್ಟಿತು. ‘ನೀತಿ’ಯ ನಷ್ಟ ಮಾತ್ರ ನಿಜ. ಹೀಬ್ರೂವಿನ ‘ತ್ಸೆದಾಕಾ’ದಲ್ಲಿ ನ್ಯಾಯವೂ ಇದೆ, ಮುಂದೆ ಯೆಹೂದ್ಯರಲ್ಲಿ ಬಡವರಿಗೆ ಕೊಡುವುದಕ್ಕೂ ಅದೇ ಹೆಸರಾಯಿತು. ನಮ್ಮಲ್ಲಿ ಅದು ಒಬ್ಬೊಬ್ಬರ ನಡತೆಗೆ ಕುಗ್ಗಿದೆ.

ಪದಕ್ಕೆ ಇಷ್ಟು ಜಗಳ ಯಾಕೆ ಅಂತೀರಾ? ಇಲ್ಲಿನ ಒಂದು ಪ್ರಾರ್ಥನಾಕೂಟದಲ್ಲಿ ಕಾಯಿಲೆಯ ಹೆಂಗಸೊಬ್ಬರಿಗೆ ‘ನಿಮ್ಮ ನಂಬಿಕೆ ಸಾಲದು’ ಅಂದದ್ದನ್ನು ನಾನೇ ಕೇಳಿದ್ದೇನೆ. ಎರಡು ವರ್ಷ ಒಂದು ವಾರವೂ ತಪ್ಪಿಸದೆ ಬಂದವರು ಆಕೆ. ಆಮೇಲೆ ಬರಲಿಲ್ಲ, ಮನೆಗೆ ಹೋಗಿ ನೋಡಿದವರೂ ಇಲ್ಲ, ನನ್ನನ್ನೂ ಸೇರಿಸಿ.