ಎರಡು ಸ್ಟಾಪ್ ಬೆಳಕಿನ ಬೆಲೆ

ನನ್ನ ಕಂಪ್ಯೂಟರಿನಲ್ಲಿ ಅಳಿಸದೆ ಇಟ್ಟುಕೊಂಡ ಒಂದು ಕೆಟ್ಟ ಫೋಟೋ ಇದೆ. ಬಡಗುತಿಟ್ಟಿನ ಯಕ್ಷಗಾನದ ಆಟ, ರಾತ್ರಿ ಎರಡು ಗಂಟೆ ದಾಟಿದೆ. ಪುರುಷವೇಷ ಮಂಡಿ ಕುಣಿತದಲ್ಲಿ ತಿರುಗುತ್ತ ತಿರುಗುತ್ತ ಭಾಗವತರ ಎದುರಿಗೇ ಬಂದ ಹೊತ್ತು. ಭಾಗವತರ ಕೆಂಪು ಪೇಟದ ಮಡಿಕೆಗಳನ್ನು ಒಂದೊಂದಾಗಿ ಎಣಿಸಬಹುದು, ಮೈಕಿನ ಜಾಲರಿಯ ತೂತುಗಳೂ ಕಾಣುತ್ತವೆ. ಕುಣಿಯುವವರು ಮಾತ್ರ ಇಲ್ಲ. ಅವರಿದ್ದ ಜಾಗದಲ್ಲಿ ಕೆಂಪು, ಹಳದಿ, ಕಪ್ಪು ಕಲಸಿಹೋದ ಒಂದು ಸುಳಿ ಇದೆ. ಶಟರ್ ಸ್ಪೀಡ್ 1/125, ಅಪರ್ಚರ್ 5.6, ಐಎಸ್‌ಒ 6400.

ತೆಗೆದದ್ದು ನಿಕಾನ್‌ನ 70-300 ಲೆನ್ಸಿನಲ್ಲಿ. 2006ರಲ್ಲಿ ಬಂದ, 745 ಗ್ರಾಂ ತೂಗುವ, ಕೈಗೆ ಒಗ್ಗಿದ ಲೆನ್ಸು ಅದು. ವರ್ಷಗಟ್ಟಲೆ ನನ್ನ ಜೊತೆ ಗದ್ದೆ ಗದ್ದೆ ತಿರುಗಿದೆ. ಕ್ಯಾಮೆರಾ ಹಿಡಿದ ಗೆಳೆಯರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಆಟಕ್ಕೆ ಹೋಗುವುದಾದರೆ ಟೂ ಪಾಯಿಂಟ್ ಏಯ್ಟ್ ಬೇಕೇ ಬೇಕು. 70-200 ಎಫ್ 2.8 ಲೆನ್ಸಿಗೆ ಫೋಟೋಗ್ರಾಫರುಗಳ ಬಾಯಲ್ಲಿ ಅದೇ ಹೆಸರು. ಹೊಸದಕ್ಕೆ ಲಕ್ಷದ ಮೇಲೆ ಬೆಲೆ. ಅಷ್ಟು ಹಣ ಹಾಕುವ ಮೊದಲು ಅದು ಕೊಡುವುದೇನು, ಕೊಡದಿರುವುದೇನು ಎಂದು ನೋಡಿಬಿಡೋಣ ಅಂತ ಕೂತೆ.

ಲೆಕ್ಕ ಸರಳ. 200 ಮಿ.ಮೀ.ಗೆ ಎಳೆದಾಗ ಎಫ್ 5.6 ಎಂದರೆ ಬೆಳಕು ನುಗ್ಗುವ ಕಿಂಡಿಯ ಅಗಲ ಸುಮಾರು 36 ಮಿ.ಮೀ. ಎಫ್ 2.8ಕ್ಕೆ ಸುಮಾರು 71. ಅಗಲ ಎರಡು ಪಟ್ಟಾದರೆ ಒಳಬರುವ ಬೆಳಕು ನಾಲ್ಕು ಪಟ್ಟು. ಇದೇ ಎರಡು ಸ್ಟಾಪ್. ಅದೇ ರಂಗಸ್ಥಳ, ಅದೇ ದೀಪ, ಅದೇ ಐಎಸ್‌ಒ ಇಟ್ಟುಕೊಂಡರೂ 1/125 ಇದ್ದದ್ದು 1/500 ಆಗುತ್ತದೆ. ಆ ಕಿಂಡಿಗೆ ತಕ್ಕ ಗಾಜು ಬೇಕು, ಗಾಜಿಗೆ ತಕ್ಕ ತೂಕವೂ ಬರುತ್ತದೆ. 2016ರಲ್ಲಿ ನಿಕಾನ್ ತಂದ 70-200 ಎಫ್ 2.8, ಹಿಂದಿನದಕ್ಕಿಂತ ಹಗುರ ಎಂದು ಹೆಸರಾದದ್ದು, 1430 ಗ್ರಾಂ ಇದೆ.

ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಒಳ್ಳೆಯ ಕೆಲಸವೆಂದರೆ, ಒಂದು ತಿರುಗಾಟದಲ್ಲಿ ತೆಗೆದು ಬಿಸಾಡಬೇಕಾದ ಫೋಟೋಗಳನ್ನೆಲ್ಲ ಒಂದು ಕಡೆ ಹಾಕಿ ಒಂದೊಂದೂ ಯಾಕೆ ಕೆಟ್ಟಿತು ಎಂದು ನೋಡಿದ್ದು. ಕೈ ಅಲುಗಿ ಕೆಟ್ಟವು ಬಹಳ ಕಡಿಮೆ. ಲೆನ್ಸಿನೊಳಗಿನ ವಿಆರ್ ಅದನ್ನು ನೋಡಿಕೊಂಡಿತ್ತು. ಭಾಗವತರ ಪೇಟ ಅಷ್ಟು ಚೊಕ್ಕಟವಾಗಿ ಬಂದದ್ದು ಅದರಿಂದಲೇ. ಆದರೆ ವಿಆರ್ ಹಿಡಿದು ನಿಲ್ಲಿಸುವುದು ನಮ್ಮ ಕೈಯನ್ನು, ಕುಣಿಯುವವರನ್ನಲ್ಲ. ಅರ್ಧಕ್ಕಿಂತ ಹೆಚ್ಚು ಚಿತ್ರ ಕೆಟ್ಟದ್ದು ಕುಣಿತದ ವೇಗಕ್ಕೇ. ಉಳಿದವುಗಳಲ್ಲಿ ಕೆಲವು ಫೋಕಸ್ ತಪ್ಪಿ, ಹಲವು ಕೂತ ಜಾಗ ಸರಿಯಿಲ್ಲದೆ ಕೆಟ್ಟಿದ್ದವು. ಎದುರಿನವರ ತಲೆ, ಮೈಕಿನ ಕಂಬ. ಜಾಗ ಸರಿಯಿಲ್ಲದ್ದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಬೇಗ ಹೋಗಿ ಚಾಪೆ ಹಾಸಬೇಕು ಅಷ್ಟೇ.

ಇನ್ನೊಂದನ್ನೂ ನೋಡಿದೆ: 200ರಿಂದ 300ರವರೆಗಿನ ಉದ್ದವನ್ನು ಆಟದಲ್ಲಿ ನಾನು ಬಳಸಿದ್ದು ಅಪರೂಪಕ್ಕೆ. ಹಾಗಾಗಿ 300 ಬಿಟ್ಟುಕೊಡುವ ನಷ್ಟ ನನಗೆ ದೊಡ್ಡದಲ್ಲ. ಹಕ್ಕಿ ತೆಗೆಯುವವರಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಹಗಲು ಬೆಳಕಿಗೆ ಬರವಿಲ್ಲ. ಅಲ್ಲಿ ಸಾಲದೆ ಬರುವುದು ಉದ್ದ. ಅವರು 2.8ಕ್ಕೆ ದುಡ್ಡು ಸುರಿದರೆ ಬೇಡದ್ದಕ್ಕೆ ಸುರಿದಂತೆ.

ಒಂದು ಹರಕೆ ಆಟಕ್ಕೆ 2.8ರ ಲೆನ್ಸನ್ನು ಬಾಡಿಗೆಗೆ ತಂದೆ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸು ಬಾಡಿಗೆಗೆ ಕೊಡುವವರಿದ್ದಾರೆ, ಲಕ್ಷ ಹಾಕುವ ಮೊದಲು ಆ ಕೆಲವು ನೂರು ರೂಪಾಯಿ ಖರ್ಚು ಮಾಡದಿರುವುದು ತಪ್ಪು. ಕೊಯ್ಲಾದ ಗದ್ದೆ, ಜನವರಿಯ ಇಬ್ಬನಿ. ಮೊದಲ ಒಡ್ಡೋಲಗದಲ್ಲೇ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಕಣ್ಣಿಟ್ಟು ನೋಡುವ ಕಿಂಡಿಯೇ ಬೆಳಗಿದಂತಿತ್ತು. ಫೋಕಸ್ ಹಿಂದೆ ಮುಂದೆ ತಡಕಾಡದೆ ನೇರ ಹೋಗಿ ಮುಖಕ್ಕೆ ಕೂರುತ್ತಿತ್ತು. 1/500ರಲ್ಲಿ ಬೇಗಡೆ ಹಚ್ಚಿದ ಮರದ ಆಭರಣದ ಒಂದೊಂದು ಉಬ್ಬೂ ಮಿಂಚಿತು, ಕಾಲಿನ ಗೆಜ್ಜೆಯ ಸಾಲು ಬಿಡಿಬಿಡಿಯಾಗಿ ಕಂಡಿತು.

ಮಾರನೆಯ ದಿನ ದೊಡ್ಡ ಪರದೆಯಲ್ಲಿ ನೋಡಿದಾಗ ಬೇರೆ ವಿಷಯಗಳು ಹೊರಬಂದವು. 10 ಮೀಟರ್ ದೂರದಲ್ಲಿ ಕುಳಿತು, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, 200 ಮಿ.ಮೀ.ಗೆ ಎಳೆದು, ಎಫ್ 2.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 42 ಸೆಂ.ಮೀ. ಮಾತ್ರ. ಯಕ್ಷಗಾನದ ವೇಷಕ್ಕೆ ಇದು ಸಾಲದು. ಕೈ ಮುಂದೆ ಚಾಚಿ ಅಭಿನಯಿಸುವಾಗ ಕಣ್ಣು ಶಾರ್ಪ್ ಆದರೆ ಬೆರಳು ಮಂಜು, ಬೆರಳು ಶಾರ್ಪ್ ಆದರೆ ಕಣ್ಣು ಮಂಜು.

ಎಲ್‌ಇಡಿ ದೀಪದ ತೊಂದರೆಯಂತೂ ನಾನು ಎಣಿಸಿಯೇ ಇರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 1/100ರ ಆಸುಪಾಸಿನಲ್ಲಿ ಅದು ಚಿತ್ರಕ್ಕೆ ಗೊತ್ತಾಗುವುದಿಲ್ಲ. 1/500ಕ್ಕೆ ಹೋದಾಗ ಒಂದು ಫ್ರೇಮು ಬೆಳ್ಳಗೆ, ಮುಂದಿನದು ಕಂದು, ಇನ್ನೊಂದರಲ್ಲಿ ಅಡ್ಡಕ್ಕೆ ಪಟ್ಟೆ. ಹೊಸ ಕೆಲವು ಕ್ಯಾಮೆರಾಗಳಲ್ಲಿ ಇದನ್ನು ತಪ್ಪಿಸುವ ಸೌಲಭ್ಯವಿದೆ, ನನ್ನದರಲ್ಲಿಲ್ಲ. ದೊಂದಿ ಬೆಳಕಿನಲ್ಲೋ ಗ್ಯಾಸ್‌ಲೈಟಿನಲ್ಲೋ ಈ ಕಾಟವಿಲ್ಲ.

ಎಲ್ಲಕ್ಕಿಂತ ಬೇಸರ ತಂದದ್ದು 1/500ರಲ್ಲಿ ತೆಗೆದ ಮಂಡಿ ಕುಣಿತದ ಚಿತ್ರವೇ. ತಾಂತ್ರಿಕವಾಗಿ ಹೆಸರಿಡುವಂತಿಲ್ಲ. ಆದರೆ ಅದರಲ್ಲಿ ಕುಣಿತವೇ ಇರಲಿಲ್ಲ. ವೇಷ ಹಾಕಿದವರೊಬ್ಬರು ನೆಲಕ್ಕೆ ಮೊಣಕಾಲೂರಿ ಸುಮ್ಮನೆ ಕುಳಿತಂತಿತ್ತು. ಆ ರಾತ್ರಿಯ ಒಳ್ಳೆಯ ಚಿತ್ರ ಬಂದದ್ದು ಐಎಸ್‌ಒ 3200ಕ್ಕೆ ಇಳಿಸಿ, 1/250ರಲ್ಲಿ ತೆಗೆದಾಗ. ಮುಖ ನಿಂತಿದೆ, ಕಣ್ಣಿನ ಕೆಳಗಿನ ಬಣ್ಣದ ಗೆರೆ ನಿಂತಿದೆ. ಉಟ್ಟ ಬಟ್ಟೆಯ ಅಂಚು ಮಾತ್ರ ಗಾಳಿಯಲ್ಲಿ ಕರಗಿ ಸುತ್ತು ಹಾಕುತ್ತಿದೆ. ಹಳೆಯ ಲೆನ್ಸಿನಲ್ಲಿ ಇದೇ 1/250 ಬೇಕೆಂದರೆ ಐಎಸ್‌ಒ 12800ಕ್ಕೆ ಏರಿಸಬೇಕಿತ್ತು, ಕೆಂಪು ಬಣ್ಣವೆಲ್ಲ ಮರಳು ಮರಳಾಗುತ್ತಿತ್ತು. ನನಗೆ 2.8ರ ಬೆಲೆ ತಿಳಿದದ್ದು ಇಲ್ಲಿ. ವೇಗವನ್ನು ಕಟ್ಟಿಹಾಕುವುದಕ್ಕಿಂತ, ಎಷ್ಟು ಕಟ್ಟಬೇಕು ಎಷ್ಟು ಬಿಡಬೇಕು ಎಂದು ನಾನೇ ಆರಿಸಿಕೊಳ್ಳುವ ಸಲಿಗೆಯನ್ನು ಅದು ಕೊಡುತ್ತದೆ. ಹಳೆಯದರಲ್ಲಿ ಆ ಆಯ್ಕೆಯೇ ಇರಲಿಲ್ಲ.

ಈ ಲೆನ್ಸನ್ನು ಬಹುಪಾಲು ಜನ ಹೊಗಳುವುದು ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ ಎಂಬುದಕ್ಕೆ. ಮದುವೆ ಫೋಟೋಗೆ ಅದು ಸರಿ ಇರಬಹುದು. ಯಕ್ಷಗಾನಕ್ಕೆ ಆ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಈ ಕಲೆ ತನ್ನನ್ನೇ ಹಿಮ್ಮೇಳ, ಮುಮ್ಮೇಳ ಎಂದು ಕರೆದುಕೊಂಡಿದೆ. ಹಿಂದೆ ಕುಳಿತವರ ಹಾಡು, ಮದ್ದಳೆ, ಚೆಂಡೆ ಇಲ್ಲದೆ ಮುಂದಿನ ಹೆಜ್ಜೆ ಹುಟ್ಟುವುದಿಲ್ಲ. ಪದ್ಯ ಎತ್ತುವಾಗ ಭಾಗವತರು ಕಲಾವಿದರನ್ನು ನೋಡುವ ನೋಟವನ್ನು ಮಂಜಾಗಿಸಿ ಅಳಿಸಿದ ಚಿತ್ರ ಎಷ್ಟೇ ಚಂದವಿದ್ದರೂ ಆಟದ ಚಿತ್ರವಲ್ಲ. ಆದ್ದರಿಂದ ನಿಧಾನದ ಪದ್ಯಗಳಲ್ಲಿ, ಸಂಭಾಷಣೆಯಲ್ಲಿ, 2.8ರ ಲೆನ್ಸು ಕೈಯಲ್ಲಿದ್ದರೂ 5.6ಕ್ಕೆ ಇಳಿಸಿಯೇ ತೆಗೆಯಬೇಕು.

ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣ ತೆಗೆಯುತ್ತಿದ್ದ ಹಿರಿಯ ಕಲಾವಿದರೊಬ್ಬರಿಗೆ ಕ್ಯಾಮೆರಾದ ಪರದೆಯಲ್ಲಿ ಚಿತ್ರ ತೋರಿಸಿದ್ದೆ. ಮುಖ ತುಂಬಿದ ನಾಲ್ಕೈದು ಚಿತ್ರ ಸುಮ್ಮನೆ ನೋಡಿ, “ಹೆಜ್ಜೆ ಎಲ್ಲಿ ಮಾರಾಯ್ರೆ?” ಅಂದರು. ನಾನು ಉದ್ದ ಎಳೆದು ಎಳೆದು ಮೊಣಕಾಲಿನ ಕೆಳಗೆಲ್ಲ ಕತ್ತರಿಸಿದ್ದೆ. ಟೆಲಿ ಲೆನ್ಸು ಕೈಯಲ್ಲಿದ್ದಾಗ ಹತ್ತಿರ ಹತ್ತಿರ ಎಳೆಯುವ ಆಸೆ ತಾನಾಗಿ ಬರುತ್ತದೆ, ಅದಕ್ಕೆ ಬಲಿಯಾದೆ. ಆಮೇಲಿನ ಆಟಗಳಲ್ಲಿ 70ರ ತುದಿಯನ್ನೇ ಹೆಚ್ಚು ಬಳಸಿದ್ದೇನೆ.

ನಡುವಿನ ದಾರಿಗಳೂ ಇವೆ. 2012ರ 70-200 ಎಫ್ 4 ಲೆನ್ಸು 850 ಗ್ರಾಂ; 5.6ಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು. ಬೆಳಕು ಚೆನ್ನಾಗಿರುವ ಸಭಾಂಗಣದ ಕಾಲಮಿತಿ ಆಟಗಳಿಗೆ ಧಾರಾಳ ಸಾಕು, ಬೆನ್ನಿಗೂ ಒಳ್ಳೆಯದು. ಮುಂದಿನ ಸಾಲಿನಲ್ಲಿ ಕೂರುವ ಅವಕಾಶವಿದ್ದರೆ 85 ಮಿ.ಮೀ. ಎಫ್ 1.8ರ ಪುಟ್ಟ ಲೆನ್ಸನ್ನು ನಾನು ಮನಸಾರೆ ಮೆಚ್ಚುತ್ತೇನೆ. 350 ಗ್ರಾಂ, ಬೆಲೆಯಲ್ಲಿ ಎಷ್ಟೋ ಕಡಿಮೆ, 2.8ಕ್ಕಿಂತಲೂ ಎರಡು ಪಟ್ಟಿಗೆ ಮೀರಿ ಬೆಳಕು. ಝೂಮ್ ಇಲ್ಲ, ನಾವೇ ಎದ್ದು ಓಡಾಡಬೇಕು. ಗದ್ದೆಯಲ್ಲಿ ಹಿಂದೆ ಕುಳಿತವರಿಗೆ ಅಡ್ಡ ಬರದೆ ಅದು ಆಗದು. ಫ್ಲ್ಯಾಶ್ ಹಾಕುವುದನ್ನು ದಾರಿ ಎಂದು ನಾನು ಎಣಿಸುವುದೇ ಇಲ್ಲ. ಭಾವಕ್ಕೆ ಇಳಿದ ಕಲಾವಿದರ ಕಣ್ಣಿಗೆ ಬೆಳಕು ಚುಚ್ಚುವುದು ಅನ್ಯಾಯ, ರಂಗಸ್ಥಳದ ಬೆಳಕನ್ನೂ ಅದು ಕೊಂದುಹಾಕುತ್ತದೆ.

ವರ್ಷಕ್ಕೆ ಎರಡು ಮೂರು ಆಟ ನೋಡುವವರು ಬಾಡಿಗೆಗೆ ತರಲಿ. ದೀಪಾವಳಿಯ ನಂತರ ಮೇಳ ಹೊರಟಲ್ಲಿಂದ ಮೇ ತಿಂಗಳ ಪತ್ತನಾಜೆಯವರೆಗೆ ವಾರಕ್ಕೊಂದು ರಾತ್ರಿ ನಿದ್ದೆಗೆಡುವ ನನ್ನಂಥವರಿಗೆ ಎಫ್ 2.8 ತನ್ನ ಬೆಲೆಯನ್ನು ತೀರಿಸುತ್ತದೆ. ಕ್ಯಾಮೆರಾ ಸೇರಿ ಎರಡೂಕಾಲು ಕೆ.ಜಿ. ಎತ್ತಿ ಹಿಡಿದು ಬೆಳಗಿನ ಜಾವ ನಾಲ್ಕಕ್ಕೆ ತೋಳು ನಡುಗುತ್ತದೆ. ಅದಕ್ಕೆ ಮೊನೊಪಾಡ್ ಇದೆ. ನಾನು ಕೊಂಡದ್ದು ಬಳಸಿದ ಲೆನ್ಸು. ಕರಾವಳಿಯಲ್ಲಿ ಹಳೆಯ ಲೆನ್ಸು ಕೊಳ್ಳುವಾಗ ಟಾರ್ಚು ಹಿಡಿದು ಒಳಗಿನ ಗಾಜು ನೋಡಲೇಬೇಕು. ಮಳೆಗಾಲದ ತೇವಕ್ಕೆ ಜೇಡರ ಬಲೆಯಂಥ ಬೂಸ್ಟು ಹಿಡಿದಿರುತ್ತದೆ. ಎರಡು ಲೆನ್ಸು ಹಾಗೆಯೇ ಬಿಟ್ಟು ಬಂದು ಮೂರನೆಯದನ್ನು ತೆಗೆದುಕೊಂಡೆ. ಜೂನ್ ಬಂತೆಂದರೆ ಅದು ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಮಲಗುತ್ತದೆ.

70-300 ಈಗ ತಮ್ಮನ ಮಗಳ ಹತ್ತಿರ ಇದೆ. ಮನೆ ಹಿಂದಿನ ತೋಡಿನ ಬದಿಯಲ್ಲಿ ಬೆಳಗ್ಗೆ ಎಂಟರ ಬಿಸಿಲಿಗೆ ಕುಳಿತು, 300ಕ್ಕೆ ಪೂರ್ತಿ ಎಳೆದು, ಮಿಂಚುಳ್ಳಿ ನೀರಿಗೆ ಧುಮುಕುವುದನ್ನು ಕಾಯುತ್ತಾಳೆ. ಮೊನ್ನೆ ಕಳಿಸಿದ ಚಿತ್ರದಲ್ಲಿ ಕೊಕ್ಕಿನಿಂದ ಜಾರುವ ನೀರಿನ ಹನಿ ನಿಂತಿತ್ತು. ಶಟರ್ ಸ್ಪೀಡ್ 1/2000, ಅಪರ್ಚರ್ ಅದೇ 5.6.