‘ಮರಳಿ ಮಣ್ಣಿಗೆ’ಯೂ ಕುಟುಂಬಚಿಕಿತ್ಸೆಯ ಶಿಕ್ಷಣವೂ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯನ್ನು ಮೂರು ತಲೆಮಾರುಗಳ ಜೀವನಚಿತ್ರವೆಂದೂ, ಕೋಟ ಪರಿಸರದ ಕಡಲು-ಮಣ್ಣುಗಳ ಮಹಾಕಥನವೆಂದೂ ವಿಮರ್ಶಕರು ಕೊಂಡಾಡಿರುವುದುಂಟು. ದಾಂಪತ್ಯ ಮತ್ತು ಕುಟುಂಬಗಳ ಚಿಕಿತ್ಸೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ಅದೇ ಕೃತಿಯನ್ನು ಓದಿದರೆ ಏನನ್ನು ಕಾಣುವನು, ಆ ಓದಿನಿಂದ ಕೃತಿಯ ಅರ್ಥವು ಎಷ್ಟರಮಟ್ಟಿಗೆ ವಿಶದವಾಗುವುದು ಎಂಬುದು ವಿಚಾರಾರ್ಹವಾದ ವಿಷಯ.

ಈ ಶಾಸ್ತ್ರವು ಈಚಿನದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1963ರಲ್ಲಿ ಈ ವೃತ್ತಿಗೆ ಪರವಾನಗಿಯನ್ನು ಏರ್ಪಡಿಸಿತು. ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಪರವಾನಗಿಯಿಲ್ಲ; ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ, ಚಿಕಿತ್ಸಾ ಮನೋವಿಜ್ಞಾನಗಳ ಉನ್ನತ ಶಿಕ್ಷಣದ ಅಂಗವಾಗಿ ಇದನ್ನು ಕಲಿಸುವರು. ರೋಗಿಯೆಂದು ಕರೆತಂದ ಒಬ್ಬನನ್ನೇ ನೋಡದೆ ಮನೆಯವರ ಪರಸ್ಪರ ಸಂಬಂಧವನ್ನು ನೋಡಬೇಕೆಂಬುದು ಇಲ್ಲಿಯ ಮೊದಲ ಪಾಠ. ಮೂರು ತಲೆಮಾರುಗಳ ವಂಶಚಿತ್ರವನ್ನು ಬರೆಯುವುದು ಅದರ ಮುಖ್ಯ ಸಾಧನ. ಇಬ್ಬರ ನಡುವಣ ಬಿಗುವು ಸಹಿಸಲಾರದಷ್ಟಾದಾಗ ಅವರು ಮೂರನೆಯವರನ್ನು ಅದರೊಳಕ್ಕೆ ಎಳೆದುಕೊಳ್ಳುವರೆಂದೂ, ಹೀಗೆ ಮನೆಯ ಬೇಗೆಯು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೆಂದೂ ಮರ್ರೆ ಬೋವೆನ್ ಪ್ರತಿಪಾದಿಸಿದನು.

ಲಚ್ಚನ ಅಧಃಪತನಕ್ಕೆ ಪೇಟೆಯ ಸಹವಾಸ, ಇಂಗ್ಲಿಷು ವಿದ್ಯೆಗಳೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಕೃತಿಯ ಸಾಕ್ಷ್ಯವು ಅಷ್ಟು ಸರಳವಾಗಿಲ್ಲ. ಪಾರೋತಿಗೆ ಮಕ್ಕಳಿಲ್ಲವೆಂದು ರಾಮ ಐತಾಳರು ಸತ್ಯಭಾಮೆಯನ್ನು ಮದುವೆಯಾದರು. ಹುಟ್ಟಿದ ಮಗನು ಒಬ್ಬಳಿಗೆ ಒಡಲ ಕುಡಿ, ಒಬ್ಬಳಿಗೆ ತಾನು ಪಡೆಯದ ಭಾಗ್ಯ, ವಿಧವೆಯಾದ ಸೋದರತ್ತೆ ಸರಸೋತಿಗೆ ಬಾಳಿನ ಆಸರೆ. ತಂದೆಗಾದರೋ, ಬೆಂಗಳೂರಿನ ಹೋಟೆಲಿನ ಹಣದಿಂದ ಮೇಲೇರುತ್ತಿದ್ದ ಶೀನಮಯ್ಯರ ಮನೆಗೆ ಕೊಡತಕ್ಕ ಉತ್ತರ. ನಾಲ್ವರ ಕೊರತೆಗಳನ್ನು ತುಂಬಿಕೊಡಬೇಕಾದ ಹುಡುಗನಿಗೆ ಸ್ವಂತದ್ದೆಂಬ ಹೊಣೆಯೊಂದು ಉಳಿಯಲಿಲ್ಲ. ಇದರಿಂದ ಅವನ ದೋಷವು ತೊಡೆದುಹೋಗದು. ಅವನ ಕೈಹಿಡಿದು ಬೆಂದ ನಾಗವೇಣಿಯೇ ಅದಕ್ಕೆ ಸಾಕ್ಷಿ. ಆದರೆ ದೋಷವನ್ನು ಹೊರಿಸುವುದು ಬೇರೆ, ಅದರ ಬೇರನ್ನು ಅರಸುವುದು ಬೇರೆ. ಕಾರಂತರು ಎರಡನ್ನೂ ಬೆರೆಸದೆ ನಡೆಸಿದ್ದಾರೆ.

ಹೀಗೆ ಶಾಸ್ತ್ರವು ಕೃತಿಗೆ ಬೆಳಕನ್ನು ಕೊಡುವಂತೆ ಕೃತಿಯೂ ಶಾಸ್ತ್ರವನ್ನು ತಿದ್ದುವುದು. ಗಂಡಹೆಂಡಿರ ಜೋಡಿಯನ್ನೇ ಕುಟುಂಬದ ತಿರುಳೆಂದು ಹಿಡಿದು ಓದುವವನಿಗೆ ಸರಸೋತಿಯು ವಂಶಚಿತ್ರದ ಅಂಚಿನಲ್ಲಿ ಬರೆದ ಒಂದು ಗುರುತಾಗಿ ಉಳಿಯುವಳು. ಕಾದಂಬರಿಯಲ್ಲಾದರೋ ಆ ಮನೆಯನ್ನು ಎತ್ತಿಹಿಡಿದಿರುವ ನಡುಗಂಬವೇ ಅವಳು. ಬೋವೆನ್ನನ ತ್ರಿಕೋನದಲ್ಲಿ ಮೂರನೆಯವನು ಬೇಗೆಯನ್ನು ಹೊರುವವನು. ಇಲ್ಲಿ ಮೂರನೆಯವಳು ಅದನ್ನು ಆರಿಸುವವಳೂ ಆಗಿದ್ದಾಳೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಲ್ಲ ಮನೆಗಳಿಗೂ ಐತಾಳರ ಮನೆಯೇ ಮಾದರಿಯೆಂದು ಹೇಳಲಾಗದು. ಅದು ಮಕ್ಕಳಕಟ್ಟಿನ ಬ್ರಾಹ್ಮಣ ಮನೆತನ. ನೆರೆಯಲ್ಲಿಯೇ ಬಂಟರು ಮೊದಲಾದವರಲ್ಲಿ ಅಳಿಯಕಟ್ಟು ನಡೆದುಬಂದಿತು. ಅಲ್ಲಿ ಆಸ್ತಿಯ ಹಕ್ಕು ತಾಯಿಯ ಬಳಿಯಿಂದ ಇಳಿಯುತ್ತಿದ್ದು, ಸೋದರಮಾವನ ಸ್ಥಾನವು ದೊಡ್ಡದಾಗಿದ್ದಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆಸ್ತಿಯ ಕಟ್ಟನ್ನು ಮಾರ್ಪಡಿಸಿದುವು. ಮನಸ್ಸಿನ ಕಟ್ಟು ಕಾಯಿದೆಯೊಡನೆಯೇ ಮಾರ್ಪಡುವುದಿಲ್ಲ. ಅಂತಹ ಮನೆಯಲ್ಲಿ ಗಂಡಹೆಂಡಿರನ್ನು ಮಾತ್ರ ಕೂರಿಸಿ ವಿಚಾರಿಸುವ ಚಿಕಿತ್ಸಕನು ಮಾತನಾಡಬೇಕಾದವರನ್ನು ಹೊರಗೆ ನಿಲ್ಲಿಸಿದಂತಾಗುವ ಸಂಭವವುಂಟು.

ಕಾದಂಬರಿಯು ರೋಗಚರಿತ್ರೆಯಲ್ಲ. ಕಾದಂಬರಿಕಾರನು ಎಲ್ಲರ ಅಂತರಂಗವನ್ನೂ ಬಲ್ಲನು. ಚಿಕಿತ್ಸಕನಿಗೆ ದೊರೆಯುವುದು ಒಂದಕ್ಕೊಂದು ಹೊಂದದ ಮಾತುಗಳು, ಮಾತಿಗಿಂತ ಹೆಚ್ಚಾದ ಮೌನ. ಕೊನೆಯಲ್ಲಿ ಮೊಮ್ಮಗ ರಾಮನು ಮಣ್ಣಿಗೆ ಮರಳುವುದೂ ಚಿಕಿತ್ಸೆಯ ಫಲವಲ್ಲ, ಬಾಳಿನ ಆಯ್ಕೆ. ಆದುದರಿಂದ ಈ ಕೃತಿಯನ್ನು ಉದಾಹರಣೆಗಳ ಭಂಡಾರವೆಂದು ಬಳಸುವುದು ಅದಕ್ಕೆ ಅನ್ಯಾಯವೆನಿಸೀತು. ತೀರ್ಪಿಗೆ ಅವಸರಪಡದೆ ಒಂದು ಮನೆಯನ್ನು ತಾಳ್ಮೆಯಿಂದ ನೋಡುವ ಅಭ್ಯಾಸವನ್ನು ಮಾತ್ರ ಅದು ಕಲಿಸಬಲ್ಲುದು. ಸಾಹಿತ್ಯದ ಅಧ್ಯಾಪಕರಿಗೂ ಚಿಕಿತ್ಸೆಯ ಅಧ್ಯಾಪಕರಿಗೂ ಸಮಾನವಾದ ಪಾಠವಿದು.